ಪಾರಿವಾಳ ಓಡಿಸಲು ಕಟ್ಟಿದ ಟೇಪು

ಈ ಅಧ್ಯಾಯವನ್ನು ತುಂಬ ಸಲ ಮುಂದೂಡಿದ್ದೇನೆ. ಹಮಾಲಿ ಮಾಡುತ್ತಿದ್ದ ಅಪ್ಪನ ಬಗ್ಗೆ ಬರೆದೆ, ಊರು ಬಿಟ್ಟು ಪುಣೆಗೆ ಬಂದದ್ದನ್ನು ಬರೆದೆ, ಹೈಸ್ಕೂಲು ಮುಗಿಸಿ ಭಕ್ತಿಗೀತೆಗಳ ಸ್ಟುಡಿಯೋ ಒಂದರಲ್ಲಿ ಕೆಲಸಕ್ಕೆ ಸೇರಿದ್ದನ್ನು ಬರೆದೆ. ಮಾರ್ಕೆಟ್ ಯಾರ್ಡಿನ ಹಿಂದಿದ್ದ ಚಾಳಿನ ಮನೆಗೆ ಬರುವಷ್ಟರಲ್ಲಿ ಪ್ರತಿ ಸಲವೂ ಪೆನ್ನು ಮುಚ್ಚಿ ಚಹಾ ಕುಡಿಯಲು ಎದ್ದೆ. ಬಾಲ್ಯದ ಮನೆ ಎಂದಾಗ ಎಲ್ಲರೂ ತಾವು ಮಗುವಾಗಿದ್ದ ಮನೆಯನ್ನು ಬರೆಯುತ್ತಾರೆ. ನಾನು ಬರೆಯಬೇಕಾಗಿರುವುದು ನಾನು ಯಜಮಾನನಾಗಿದ್ದ, ಇನ್ನೊಬ್ಬಳು ಮಗುವಾಗಿದ್ದ ಮನೆಯನ್ನು. ನನ್ನ ಗುಣ ಏನೆಂದು ನನಗೆ ಗೊತ್ತಾದದ್ದು ಅಪ್ಪನ ಮನೆಯಲ್ಲಲ್ಲ, ಅಲ್ಲಿ. ಓದಿದವರು ನನ್ನನ್ನು ಕ್ಷಮಿಸುವ ಕಷ್ಟ ತೆಗೆದುಕೊಳ್ಳಬೇಡಿ. ಕ್ಷಮಿಸಬೇಕಾದವಳು, ಆ ಮಗುವಿನ ತಾಯಿ, ಸತ್ತಿದ್ದಾಳೆ, ಉಳಿದವರದು ನನಗೆ ಬೇಕಾಗಿಲ್ಲ. ಅವಳು ನನ್ನ ತಂಗಿ. ಹೆಸರನ್ನು ಈಗಲೇ ಹೇಳುವುದಿಲ್ಲ. ನಮ್ಮ ಭಜನೆಯ ಪದಗಳಲ್ಲಿ ಕಟ್ಟಿದವರ ಹೆಸರು, ಅಂದರೆ ಅಂಕಿತ, ಬರುವುದು ಕೊನೆಯ ಸಾಲಿನಲ್ಲಿ. ಹೆಸರು ಬಂತೆಂದರೆ ಪದ ಮುಗಿಯಿತು, ಬರದಿದ್ದರೆ ಮುಗಿಯಲಿಲ್ಲ.

ಮನೆ ಎಂದರೆ ಮೇಲಿನ ಮಹಡಿಯ ಎರಡು ಖೋಲಿ, ಮುಂದೆ ಉದ್ದನೆಯ ಗ್ಯಾಲರಿ. ಬೇಸಿಗೆಯಲ್ಲಿ ಮೆಣಸಿನಕಾಯಿ ಲಾರಿ ಬಂದರೆ ಇಡೀ ಚಾಳು ಸೀನುತ್ತಿತ್ತು. ಮಳೆಗಾಲದಲ್ಲಿ ಕೊಳೆತ ಉಳ್ಳಾಗಡ್ಡಿಯ ವಾಸನೆ ಹಾಸಿಗೆಯೊಳಗೂ ಇರುತ್ತಿತ್ತು. ಹಿಂದಿನ ಖೋಲಿಯಲ್ಲಿ ಅವ್ವ ಕೊಮ್ಮೆ ಎಂಬ ಕಟ್ಟಿಗೆಯ ಹರಿವಾಣದಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮುಂದಿನ ಖೋಲಿಯಲ್ಲಿ ದೇವರ ಪಟಗಳು, ಹಾರ್ಮೋನಿಯಂ, ಗೋಡೆಗೆ ಒರಗಿಸಿದ ಏಕತಾರಿ. ನನಗೂ ನನ್ನ ಹೆಂಡತಿ ಶಾಂತಾಳಿಗೂ ಮಕ್ಕಳಾಗಲಿಲ್ಲ. ಆದರೆ ಸೋಮವಾರ ಬಂತೆಂದರೆ ಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಯಾರ್ಡಿನ ಹಮಾಲರು, ಕಟ್ಟಡದ ಕೆಲಸದವರು, ಇಬ್ಬರು ಮೂವರು ಗುಮಾಸ್ತರು, ಎಲ್ಲ ನಮ್ಮ ಕಡೆಯ ಜನ, ಮೈ ತೊಳೆದುಕೊಂಡು ವಿಭೂತಿ ಹಚ್ಚಿಕೊಂಡು ಬರುತ್ತಿದ್ದರು. ಮುಂದೆ ಹೇಳುವವನು ನಾನು, ಹಿಂದೆ ಹೇಳುವವರು ಉಳಿದವರೆಲ್ಲ. ಪದ ನಿಧಾನವಾಗಿ ಎದ್ದು, ತಾಳ ಬಿಗಿಯಾಗುತ್ತ, ಕೊನೆಗೆ ಯಾರು ಹೇಳುತ್ತಿದ್ದಾರೆ ಯಾರು ಕೂಗುತ್ತಿದ್ದಾರೆ ತಿಳಿಯದಷ್ಟು ಜೋರಾಗುತ್ತಿತ್ತು. ನಮ್ಮಲ್ಲಿ ಒಂದು ಕಟ್ಟುನಿಟ್ಟು ಇತ್ತು. ಪದ ನಡೆದಿರುವಾಗ ಬಂದವರು ಒಳಗೆ ಬರುವಂತಿಲ್ಲ, ಹೊಸ್ತಿಲಲ್ಲಿ ನಿಲ್ಲಬೇಕು. ಕೊನೆಯ ಸಾಲಿನಲ್ಲಿ ಹೆಸರು ಬಂದು, ಎಲ್ಲರೂ ನೆಲಕ್ಕೆ ಹಣೆ ಹಚ್ಚಿ ಎದ್ದ ಮೇಲೆ ಒಳಗೆ ಕರೆಯಬೇಕು. ಹಾಗೆ ನಿಂತವನು ವೈರಿಯಾದರೂ ಕರೆಯಲೇಬೇಕು.

ತಂಗಿ ಹಿಂದಿನ ಖೋಲಿಯಲ್ಲಿ ಕುಳಿತು ಹಿಂದೆ ಹೇಳುತ್ತಿದ್ದಳು. ಒಂದು ಸೋಮವಾರ ನನ್ನ ಗಂಟಲು ಕಟ್ಟಿತು. ಪದ ಅರ್ಧಕ್ಕೆ ನಿಂತಾಗ ಅವಳು ಒಳಗಿನಿಂದಲೇ ಎತ್ತಿಕೊಂಡಳು. ಎತ್ತಿಕೊಂಡವಳು ಬಿಡಲಿಲ್ಲ, ಬಾಗಿಲ ತನಕ ಬಂದು ನಿಂತು ಮುಗಿಸಿದಳು. ಡಪ್ಪು ಬಾರಿಸುವ ಭೀಮರಾಯ ಕಾಕಾ ಕಣ್ಣೊರೆಸಿಕೊಂಡು ಹೇಳಿದ:

"ಇಷ್ಟು ದಿನ ನಾವು ಬರೇ ಒದರಲಾಕತ್ತಿದ್ವಿ ನೋಡ್ರಿ. ಹಾಡು ಇವತ್ತು ಬಂತು."

ಎಲ್ಲರೂ ನಕ್ಕರು, ನಾನೂ ನಕ್ಕೆ. ಮರುದಿನ ಅವಳಿಗೆ ಇನ್ನು ಸೋಮವಾರ ಬಾಯಿ ತೆರೆಯಬೇಡ ಎಂದೆ. ಮುಂದೆ ಅವಳು ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಢೋಲು ಬಾರಿಸುವ ಮರಾಠಿ ಹುಡುಗನೊಬ್ಬನನ್ನು ಕಟ್ಟಿಕೊಂಡು ಪುಣೆಯಾಚೆಯ ನಿಗಡಿಗೆ ಹೋದಾಗ, ಅವಳ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತಬಾರದು ಎಂದು ಹೇಳಿದೆ. ಜಾತಿ ಬೇರೆ, ಭಾಷೆ ಬೇರೆ ಎಂದು ಮಂದಿಗೆ ಎರಡು ಕಾರಣ ಕೊಟ್ಟೆ. ಮೂರನೆಯದನ್ನು ಇಲ್ಲಿ ಕೊಡುತ್ತಿದ್ದೇನೆ: ಅವಳು ನನಗಿಂತ ಚೆನ್ನಾಗಿ ಹಾಡುತ್ತಿದ್ದಳು.

ಕೆಲವು ವರ್ಷಗಳ ನಂತರ, ಶ್ರಾವಣದ ಸೋಮವಾರ, ಮನೆ ತುಂಬ ಜನ. ನಾನು ಪದ ಎತ್ತಿ ನಡುವಿಗೆ ಬಂದಿದ್ದೆ. ಕಣ್ಣು ತೆರೆದರೆ ಹೊಸ್ತಿಲಲ್ಲಿ ತಂಗಿ. ಸೊರಗಿ ಕಡ್ಡಿಯಾಗಿದ್ದಳು. ಕೈಹಿಡಿದು ಒಂದು ಸಣ್ಣ ಹುಡುಗಿ. ತಂಗಿ ನಿಯಮ ಮರೆತಿರಲಿಲ್ಲ, ಸೆರಗು ತಲೆಗೆ ಹೊದ್ದು ಪದ ಮುಗಿಯಲೆಂದು ನಿಂತಿದ್ದಳು. ಮುಗಿದರೆ ನಾನೇ ಒಳಗೆ ಕರೆಯಬೇಕು. ಅಷ್ಟು ಜನರೆದುರು ಕರೆಯುವುದಿಲ್ಲ ಎನ್ನಲಾಗದು. ಹಾಗಾಗಿ ನಾನು ಪದವನ್ನು ಮುಗಿಸಲಿಲ್ಲ. ಕೊನೆಯ ಸಾಲು ಹತ್ತಿರ ಬಂದಾಗ ಪಲ್ಲವಿಗೆ ತಿರುಗಿದೆ. ಮತ್ತೆ ಬಂತು, ಮತ್ತೆ ತಿರುಗಿದೆ. ಅಣ್ಣನಿಗೆ ಇಂದು ರಂಗು ಏರಿದೆ ಎಂದುಕೊಂಡು ಜನ ತಾಳ ಇನ್ನೂ ಜೋರು ಮಾಡಿದರು. ನಾನು ಕಣ್ಣು ಮುಚ್ಚಿ ಸುತ್ತುತ್ತಲೇ ಇದ್ದೆ, ಎತ್ತು ಗಾಣ ತಿರುಗಿದ ಹಾಗೆ. ಕಣ್ಣು ತೆರೆದಾಗ ಹೊಸ್ತಿಲು ಖಾಲಿ. ಆಗ ಹೆಸರು ಹೇಳಿ ಮುಗಿಸಿದೆ. ಎಲ್ಲರೂ ಹಣೆ ಹಚ್ಚಿದರು. ಅವ್ವ ಹಚ್ಚಲಿಲ್ಲ. ಜನ ಹೋದ ಮೇಲೆ ಪ್ರಸಾದದ ಪಾತ್ರೆ ತೊಳೆಯುತ್ತ ನನ್ನ ಕಡೆ ನೋಡದೆ ಹೇಳಿದಳು:

"ಇನ್ನೊಂದು ಸಾಲು ಇತ್ತು. ಅಷ್ಟು ಹೇಳಿದ್ರ ನನ್ನ ಮಗಳು ನೀರು ಕುಡದು ಹೋಗ್ತಿದ್ಲು."

ಅಂದಿನಿಂದ ಅವ್ವ ನನ್ನ ಹಿಂದೆ ಒಂದು ಸಾಲೂ ಹೇಳಲಿಲ್ಲ. ತಂಗಿ ರೋಗದಲ್ಲಿ ತೀರಿಕೊಂಡಳು. ನಾನು ಮಣ್ಣಿಗೆ ಹೋಗಲಿಲ್ಲ, ಅವ್ವ ಒಬ್ಬಳೇ ಬಸ್ಸು ಹತ್ತಿ ಹೋದಳು, ಬರುವಾಗ ಆ ಹುಡುಗಿಯನ್ನು ಕರೆತಂದಳು. ಅವಳಪ್ಪ ಬ್ಯಾಂಡಿನ ಹಿಂದೆ ಊರೂರು ತಿರುಗುವವನು, ಕೂಸನ್ನು ನೋಡಿಕೊಳ್ಳುವವರಿರಲಿಲ್ಲ. ಹುಡುಗಿಯ ಹೆಸರು ವೈಶಾಲಿ. ಇಟ್ಟುಕೊಳ್ಳೋಣ, ಆದರೆ ಅವಳ ತಾಯಿಯ ಹೆಸರು ಈ ಮನೆಯಲ್ಲಿ ಬರಕೂಡದು ಎಂದೆ. ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು.

"ಬರೂದಿಲ್ಲ ಮಾಮಾ. ನೀ ಮುಂದ ಇದ್ದಾಗ ಬರೂದಿಲ್ಲ."

ಹೊಟ್ಟೆಗೆ ಹಾಕಿದೆ, ಶಾಲೆಗೆ ಕಳಿಸಿದೆ, ಅದನ್ನು ಇಲ್ಲವೆನ್ನುವುದಿಲ್ಲ. ಆದರೆ ಒಂದು ಮಗು ದಿನವೂ ಎಚ್ಚರದಿಂದ ಒಂದು ಹೆಸರನ್ನು ನುಂಗಿಕೊಂಡು ಬೆಳೆಯುವ ಮನೆ ಹೇಗಿರುತ್ತದೆಂದು ನನಗೆ ಗೊತ್ತು. ಶಾಲೆಯ ಮಾತು ಹೇಳುವಾಗ ಬೇರೆ ಹುಡುಗಿಯರ ತಾಯಂದಿರ ಮಾತು ಬಂದರೆ ಅಲ್ಲಿಗೇ ನಿಲ್ಲಿಸುತ್ತಿದ್ದಳು. ರೊಟ್ಟಿಯ ತಾಟಿನ ಮುಂದೆ ಆಗುವ ಆ ನಿಲುಗಡೆ ನಮಗೆಲ್ಲ ರೂಢಿಯಾಗಿತ್ತು. ಅವ್ವ ಮಾತ್ರ ಪ್ರತಿ ಸಲವೂ ಅವಳ ತಾಟಿಗೆ ಇನ್ನೊಂದು ಚಮಚ ಶೇಂಗಾ ಚಟ್ನಿ ಹಾಕುತ್ತಿದ್ದಳು. ಸೋಮವಾರ ಹುಡುಗಿ ತಾಯಿ ಕೂರುತ್ತಿದ್ದ ಜಾಗದಲ್ಲೇ ಕುಳಿತು ತಾಳ ಹಾಕುತ್ತಿದ್ದಳು. ಅವಳಪ್ಪನ ಕೈ ಬಂದಿತ್ತು, ನಮ್ಮೆಲ್ಲರಿಗಿಂತ ವೇಗ.

ಕಾಲೇಜಿಗೆ ಹೋದ ಮೇಲೆ ಮೂವರು ಹುಡುಗರನ್ನು ಕೂಡಿಕೊಂಡು ಬ್ಯಾಂಡು ಕಟ್ಟಿದಳು. ಯಾರ್ಡಿನ ಖಾಲಿ ಉಳ್ಳಾಗಡ್ಡಿ ಗೋದಾಮಿನಲ್ಲಿ ಅಭ್ಯಾಸ. ಗಿಟಾರು ಗರಗಸದಂತೆ ಕೊಯ್ಯುತ್ತಿತ್ತು, ಡ್ರಮ್ಮು ಓಡುತ್ತಿತ್ತು, ಇವಳು ಕಂಠ ಹರಿದುಹೋಗುವಂತೆ ಕೂಗುತ್ತಿದ್ದಳು. ಎರಡು ನಿಮಿಷದೊಳಗೆ ಒಂದು ಹಾಡು ಮುಗಿದು ಇನ್ನೊಂದು. ಇದಕ್ಕೆ ಹಾರ್ಡ್‌ಕೋರ್ ಪಂಕ್ ಎನ್ನುತ್ತಾರೆ ಎಂದು ಅವಳೇ ಹೇಳಿದ್ದು. ಮಾತು ಮಾತ್ರ ಕನ್ನಡ, ಎಲ್ಲ ದೇವರ ಜೊತೆಗಿನ ಜಗಳ. ಬಾಗಿಲಿಗೆ ಅಗಳಿ ಹಾಕಿದವನು ನೀನೋ, ಒಳಗೆ ಕೂತು ನಿನ್ನ ಹೆಸರು ಹೇಳುವವನೋ, ತೆಗೆಯದಿದ್ದರೆ ಬಾಗಿಲನ್ನೇ ಕಿತ್ತು ಒಲೆಗೆ ಹಾಕುತ್ತೇನೆ ಎಂಬಂಥವು. ಗೋದಾಮಿನ ಹೊರಗೆ ಬೀಡಿ ಸೇದುತ್ತ ಕೂತ ಭೀಮರಾಯ ಕಾಕಾ ನನ್ನನ್ನು ಕಂಡು ಕಣ್ಣು ಹೊಡೆದ:

"ಯಾಕ ಮಾರಿ ಸಣ್ಣ ಮಾಡೀರಿ ಅಣ್ಣಾರ? ಇದು ನಮ್ಮ ಭಜನೀನ ಅದ. ಕರೆಂಟ್ ಹೊಡದದ, ಅಷ್ಟ."

ಆ ಸಂಗೀತ ನನಗೆ ಸೇರಲಿಲ್ಲ. ಇವತ್ತಿಗೂ ಸೇರುವುದಿಲ್ಲ. ಪಶ್ಚಾತ್ತಾಪಪಟ್ಟವನು ಎಲ್ಲವನ್ನೂ ಹೊಗಳಬೇಕೆಂಬ ನಿಯಮವಿಲ್ಲ. ಆದರೂ ಅವಳು ಕೇಳಿದಾಗ ನಮ್ಮ ಸ್ಟುಡಿಯೋದಲ್ಲಿ ಮಧ್ಯಾಹ್ನ ಖಾಲಿ ಇರುವ ಹೊತ್ತು ಕೊಡಿಸಿದೆ. ಎಲ್ಲವನ್ನೂ ಒಂದೇ ದಿನ ಹಾಡಿ ಮುಗಿಸಿದರು. ಕ್ಯಾಸೆಟ್ಟಿಗೆ ಅವಳು ಇಟ್ಟ ಹೆಸರು 'ಅಗಳಿ'. ಅದರ ದೊಡ್ಡ ರೀಲನ್ನು ಸ್ವಚ್ಛಮಾಡಿ, ಕ್ಯಾಸೆಟ್ಟು ತೆಗೆಯಲು ಸಿದ್ಧಮಾಡುವ ಕೆಲಸ ನನ್ನದು. ಅದೇ ನನ್ನ ಕಸುಬು. ಭಜನೆ ಹಾಡಲು ಬರುವ ಬುವಾಗಳ ಕೆಮ್ಮು, ತಂಬಿಗೆ ಬಿದ್ದ ಸದ್ದು ಇವನ್ನೆಲ್ಲ ಟೇಪಿನ ಮೇಲೆ ಹಳದಿ ಪೆನ್ಸಿಲಿನಲ್ಲಿ ಗುರುತು ಮಾಡಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ತೆಗೆದು, ಉಳಿದ ತುದಿಗಳನ್ನು ಬಿಳಿ ಪಟ್ಟಿಯಿಂದ ಅಂಟಿಸುತ್ತಿದ್ದೆ. ಜೋಡಿಸಿದ್ದು ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಹೆಡ್‌ಫೋನು ಹಾಕಿಕೊಂಡು ಕೇಳುತ್ತ ಕೂತೆ. ಮೊದಲ ಹಾಡಿನ ಕೊನೆಯ ಸಾಲಿನಲ್ಲಿ ವಾದ್ಯ ಎಲ್ಲ ನಿಂತು ಇವಳ ದನಿ ಒಂದೇ ಉಳಿಯಿತು. ಕೂಗಲಿಲ್ಲ, ಹಾಡಿದಳು. ನಮ್ಮ ಸೋಮವಾರದ ಧಾಟಿಯಲ್ಲಿ, ಪದಕ್ಕೆ ಹೆಸರು ಹಾಕುವ ಜಾಗದಲ್ಲಿ, ತನ್ನ ತಾಯಿಯ ಹೆಸರು ಹಾಕಿದ್ದಳು. ಇಂಥವಳ ಮಗಳು ಹೇಳುತ್ತೇನೆ, ಕೇಳು ದೇವರೇ ಎಂದು. ಎರಡನೆಯ ಹಾಡಿಗೂ ಅದೇ ಹೆಸರು, ಮೂರನೆಯದಕ್ಕೂ. ಮನೆಯಲ್ಲಿ ಇಷ್ಟು ವರ್ಷ ನುಂಗಿದ್ದನ್ನೆಲ್ಲ ಇಲ್ಲಿ ತಂದು ಹಾಡಿದ್ದಳು. ಅದಕ್ಕಿಂತ ನನ್ನನ್ನು ಕೆರಳಿಸಿದ್ದು ಇನ್ನೊಂದು: ದನಿ ತಂಗಿಯದೇ ಇತ್ತು. ಬ್ಲೇಡು ತೆಗೆದುಕೊಂಡೆ. ಎಲ್ಲ ಹಾಡುಗಳ ಕೊನೆಯ ಸಾಲನ್ನೂ ಕತ್ತರಿಸಿದೆ. ಜೋಡಣೆ ಅಷ್ಟು ಚೆನ್ನಾಗಿ ನನಗೆ ಯಾವತ್ತೂ ಬಂದಿರಲಿಲ್ಲ.

ಕತ್ತರಿಸಿದ ಚೂರುಗಳನ್ನು ಸ್ಟುಡಿಯೋದ ಬುಟ್ಟಿಗೆ ಹಾಕಬಹುದಿತ್ತು. ಯಾರಾದರೂ ಎತ್ತಿ ಕೇಳಿಬಿಟ್ಟರೆ ಎಂದು ಮನೆಗೆ ತಂದೆ. ಗ್ಯಾಲರಿಯಲ್ಲಿ ಪಾರಿವಾಳಗಳ ಕಾಟ, ಶಾಂತಾ ಒಣಹಾಕಿದ ಸಂಡಿಗೆಯನ್ನು ಉಳಿಸುತ್ತಿರಲಿಲ್ಲ. ಟೇಪು ಗಾಳಿಗೆ ಫರಫರ ಅಂದು ಬಿಸಿಲಿಗೆ ಮಿಂಚುತ್ತದೆ, ಪಕ್ಷಿ ಹತ್ತಿರ ಬರುವುದಿಲ್ಲ. ಚಾಳಿನಲ್ಲಿ ಎಲ್ಲರೂ ಹಾಳಾದ ಕ್ಯಾಸೆಟ್ಟಿನ ಟೇಪನ್ನು ಹಾಗೆ ಕಟ್ಟುತ್ತಿದ್ದರು. ನಾನೂ ಗ್ಯಾಲರಿಯ ಕಂಬಿಗೆ ಸಾಲಾಗಿ ಕಟ್ಟಿಬಿಟ್ಟೆ. ನನ್ನ ತಂಗಿಯ ಹೆಸರು ನನ್ನ ಮನೆಯ ಮುಂದೆ, ಎಲ್ಲರಿಗೂ ಕಾಣುವ ಹಾಗೆ, ಹಕ್ಕಿ ಓಡಿಸುತ್ತ ತೂಗಾಡುತ್ತಿತ್ತು. ಅದು ತಪ್ಪೆಂದು ಅವತ್ತು ನನಗೆ ಅನ್ನಿಸಲಿಲ್ಲ. ಉಪಯೋಗಕ್ಕೆ ಬಂತಲ್ಲ ಎಂದೇ ಅನ್ನಿಸಿತ್ತು.

ಕ್ಯಾಸೆಟ್ಟು ಬಂದ ದಿನ ವೈಶಾಲಿ ಮುಂದಿನ ಖೋಲಿಯಲ್ಲಿ ಕುಳಿತು ಪೂರ್ತಿ ಕೇಳಿದಳು. ಮುಗಿದ ಮೇಲೆ ಎದ್ದು ಗ್ಯಾಲರಿಗೆ ಹೋಗಿ, ಅಗಲವಾದ ಆ ಟೇಪಿನ ತುಂಡುಗಳಲ್ಲಿ ಒಂದನ್ನು ಬೆರಳಿನಿಂದ ಮುಟ್ಟಿದಳು. ಅದು ಕ್ಯಾಸೆಟ್ಟಿನ ಸಣ್ಣ ಟೇಪಲ್ಲ, ರೀಲಿನದು ಎಂದು ಅವಳಿಗೆ ಗೊತ್ತಾಗದೆ ಇರುತ್ತದೆಯೇ?

"ಮಾಮಾ, ಇದು ಎಲ್ಲಿದು?"

"ವೇಸ್ಟ್ ಅದ. ಸ್ಟುಡಿಯೋದ್ದು."

"ಇದರಾಗ ಯಾರಿದ್ದಾರ ಅಂತ ನಿನಗ ಗೊತ್ತದ."

"ಹಚ್ಚಿ ಕೇಳಿದವರು ನಮ್ಮ ಮನೀಗಿ ಏನನ್ನಬೇಕು? ಆ ಗದ್ದಲದಾಗ ಹೆಸರು ಹಾಕ್ಕೋತಾರೇನು?"

"ನಾನು ಅವತ್ತು ಹೊಸ್ತಿಲದಾಗ ನಿಂತಿದ್ದೆ ಮಾಮಾ. ನಮ್ಮವ್ವನ ಕೈ ಹಿಡಕೊಂಡು. ಆ ಪದ ನನಗ ಬಾಯಿಪಾಠ ಅದ, ಕೊನೀ ಸಾಲು ಒಂದ ಬಿಟ್ಟು. ಅದನ್ನ ನೀ ನಮಗ ಕೇಳಿಸಲಿಲ್ಲ."

ನಾನು ದನಿ ಏರಿಸಿದೆ. ಅನ್ನ ಹಾಕಿದ್ದನ್ನು ಎತ್ತಿ ಆಡಿದೆ. ಅವ್ವ ಕೊಮ್ಮೆಯ ಹಿಟ್ಟು ಮೆತ್ತಿದ ಕೈಯಲ್ಲೇ ಎದ್ದು ಬಂದು ಹುಡುಗಿಯ ಮುಂದೆ ನಿಂತಳು. ಹುಡುಗಿ ಅಳಲಿಲ್ಲ. ಬಟ್ಟೆ ಗಂಟು ಕಟ್ಟಿಕೊಂಡು, ಚಪ್ಪಲಿ ಹಾಕಿಕೊಂಡು, ಬಾಗಿಲಲ್ಲಿ ತಿರುಗಿದಳು.

"ಮತ್ತ ರೆಕಾರ್ಡ್ ಮಾಡಂಗಿಲ್ಲ. ನೀ ಎಲ್ಲಿ ಕೊಯ್ದೀದಿ, ಇನ್ನ ಮ್ಯಾಲ ನಾನು ಅಲ್ಲೇ ನಿಲ್ಲಸ್ತೀನಿ. ಯಾರರ ಒಬ್ಬರು ಕೇಳ್ತಾರ, ಯಾಕ ಇಲ್ಲಿ ನಿಂತಿತು ಅಂತ. ಅವರಿಗಿ ನಿನ್ನ ಮನೀ ವಿಳಾಸ ಕೊಡ್ತೀನಿ."

ಈಚೆಗೆ ನಿಗಡಿಗೆ ಬಂದು ನೆಲೆಸಿದ್ದ ಸೋದರತ್ತೆಯ ಮನೆಗೆ ಹೋದಳು. ಬ್ಯಾಂಡು ಹಾಡಿದಲ್ಲೆಲ್ಲ ಹಾಗೇ ಮಾಡಿದಳಂತೆ. ಕೊನೆಯ ಸಾಲು ಬರುವ ಜಾಗದಲ್ಲಿ ಬಾಯಿ ಮುಚ್ಚಿ ಮೈಕು ಹಿಡಿದು ನಿಲ್ಲುವುದು. ಮುಂದೇನು, ಮುಂದೇನು ಎಂದು ಜನ ಕೂಗಿದರೂ ನಿಂತೇ ಇರುವುದು. ಕಾರಣ ಯಾರಿಗೂ ಹೇಳಲಿಲ್ಲ. ಕಾಲ ಸರಿದು ಬ್ಯಾಂಡು ಚದುರಿತು. ಟೇಪು ಎರಡು ಮಳೆಗಾಲಕ್ಕೆ ಬಣ್ಣ ಬಿಟ್ಟು ಬರೀ ಪ್ಲಾಸ್ಟಿಕ್ಕಾಯಿತು. ಅವ್ವ ತೀರಿಹೋದಾಗ ಹುಡುಗಿ ಬಂದು ಕೆಳಗಿನ ಅಂಗಳದಲ್ಲೇ ನಿಂತಿದ್ದು ಹೋದಳು. ನಾನು ಮೆಟ್ಟಿಲಿಳಿದು ಕರೆಯಲಿಲ್ಲ. ಸ್ಟುಡಿಯೋ ಮುಚ್ಚಿದಾಗ ಮಾತ್ರ 'ಅಗಳಿ'ಯ ರೀಲನ್ನು ಮನೆಗೆ ತಂದು ಅಟ್ಟದ ಮೇಲಿಟ್ಟೆ. ಯಾಕೆ ತಂದೆನೆಂದು ಕೇಳಬೇಡಿ.

ಈಗ ನನಗೆ ಮುಪ್ಪು. ಶಾಂತಾ ಇಲ್ಲ, ಸೋಮವಾರದ ಜನ ಅರ್ಧಕ್ಕಿಂತ ಕಡಿಮೆ. ಒಂದು ದಿನ ಮಧ್ಯಾಹ್ನ ಪುಣೆಯ ಕ್ಯಾಂಪ್ ಪೇಟೆಯಲ್ಲಿ ಹಳೆಯ ರೆಕಾರ್ಡುಗಳ ಅಂಗಡಿ ಇಟ್ಟಿರುವ ಹುಡುಗ ಬಂದ. ಹೆಸರು ಪ್ರಣವ್, ಬೆಂಗಳೂರಿನವನು. ಹಳೆಯ ಕ್ಯಾಸೆಟ್ಟುಗಳನ್ನು ಹುಡುಕಿ ಗ್ರಾಮಫೋನಿನ ದೊಡ್ಡ ಕಪ್ಪು ತಟ್ಟೆಗಳಾಗಿ ಮರಳಿ ತರುತ್ತಾನೆ. 'ಅಗಳಿ'ಗೆ ಈಗ ಹುಡುಕಿಕೊಂಡು ಅಲೆಯುವವರಿದ್ದಾರಂತೆ. ವೈಶಾಲಿ ಒಪ್ಪಿದ್ದಾಳೆ, ಮೂಲ ರೀಲು ನನ್ನ ಬಳಿ ಇರಬಹುದೆಂದು ಕಳಿಸಿದ್ದಾಳೆ. ನಾನು ಅಟ್ಟದಿಂದ ಇಳಿಸಿ ಕೊಟ್ಟೆ. ವಾರ ಬಿಟ್ಟು ಮತ್ತೆ ಬಂದ.

"ಅಂಕಲ್, ಒಂದು ಡೌಟು. ಪ್ರತಿ ಹಾಡಿನ ಕೊನೇಲೂ ಟೇಪ್ ಕಟ್ ಮಾಡಿ ಅಂಟಿಸಿದ್ದಾರೆ. ವೈಶಾಲಿ ಮ್ಯಾಮ್‌ನ ಕೇಳ್ದೆ. ನಿಮ್ಮನ್ನೇ ಕೇಳು ಅಂತ ನಕ್ಕರು."

ಅವಳು ಕೊಟ್ಟ ಮಾತು ಮನೆ ಬಾಗಿಲಿಗೆ ಬಂದಿತ್ತು. ಹುಡುಗ ಬಿಡದೆ ಹೇಳುತ್ತ ಹೋದ:

"ಆ ಕಟ್ ಇದ್ಯಲ್ಲ ಅಂಕಲ್, ಅದೇ ಈ ಆಲ್ಬಮ್ಮಿನ ಜೀವ! ದೇವರನ್ನ ಅಷ್ಟು ಕೂಗಿ ಕರೆದು ಉತ್ತರಾನೇ ಬರಲ್ಲ, ಸಡನ್ನಾಗಿ ಮೌನ. ಅದನ್ನ ಮಾಡಿದವರು ದೊಡ್ಡ ಕಲಾವಿದರು ಬಿಡಿ."

"ಮಾಡಿದವ ನಾನು. ಕಲಾವಿದ ಅಲ್ಲ, ಹೊಟ್ಟೆಕಿಚ್ಚಿನವ. ಅಲ್ಲಿ ಒಬ್ಬಾಕಿ ಹೆಸರಿತ್ತು, ಕೊಯ್ದು ಪಾರಿವಾಳಕ್ಕ ಕಟ್ಟೀನಿ. ಹಾಂಗ ಅಂತ ಕವರಿನ ಮ್ಯಾಲ ಅಚ್ಚು ಹಾಕಸು."

"ಅಯ್ಯೋ, ಅದು ಗೊತ್ತಾದ್ರೆ ಮಜಾನೇ ಹೋಗುತ್ತೆ ಅಂಕಲ್."

"ಹೋಗಲಿ. ಅದಕ್ಕ ಹೇಳಲಾಕತ್ತೀನಿ."

ಸೋಮವಾರದ ಭಜನಾ ಮಂಡಳಿಗೆ ಸುದ್ದಿ ಹೋಯಿತು. ಗುಮಾಸ್ತಿಕೆಯಿಂದ ವ್ಯಾಪಾರಕ್ಕೆ ಏರಿದ ನಮ್ಮ ಹಿರಿಯರೊಬ್ಬರು ಬಂದು, ಮನೆಯ ಮಾತನ್ನು ಬೀದಿಗೆ ಹಾಕಬೇಡ್ರಿ, ದೇವರ ಹಾಡು ಹೇಳುವ ಮನೆತನ ನಿಮ್ಮದು ಎಂದರು. ಗ್ಯಾಲರಿಯ ಕಂಬಿ ತೋರಿಸಿ, ಬೀದಿಗೆ ಹಾಕಿ ಬಹಳ ವರ್ಷವಾಯಿತು, ನೀವು ಅದರ ಕೆಳಗೇ ಕೂತು ಪ್ರಸಾದ ತಿಂದಿದ್ದೀರಿ ಎಂದೆ. ಮುಂದೆ ಹೇಳುವವನು ನಾನಲ್ಲದಿದ್ದರೆ ಮಂಡಳಿ ಉಳಿಯುವುದಿಲ್ಲ ಎಂದು ಹೆದರಿಸಿದರು. ಉಳಿಯದಿರಲಿ ಎಂದೆ. ಏಕತಾರಿಯನ್ನು ಭೀಮರಾಯ ಕಾಕಾನ ಮೊಮ್ಮಗಳಿಗೆ ಕೊಟ್ಟುಬಿಟ್ಟೆ. ಈಗ ಅವಳು ಮುಂದೆ ಹೇಳುತ್ತಾಳೆ. ಇಷ್ಟವಿಲ್ಲದವರು ಬರುತ್ತಿಲ್ಲ.

ಅಚ್ಚಾಗುವ ಮೊದಲು ಬರುವ ಮಾದರಿ ತಟ್ಟೆಯನ್ನು ಕೇಳಿಸಲು ಪ್ರಣವ್ ತನ್ನ ಪ್ಲೇಯರು ಹೊತ್ತು ತಂದ. ಮುಂದಿನ ಖೋಲಿಯಲ್ಲಿ, ಹಾರ್ಮೋನಿಯಂ ಇರುತ್ತಿದ್ದ ಜಾಗದಲ್ಲಿಟ್ಟು ಮುಳ್ಳು ಇಳಿಸಿದ. ನಡುವೆ ತಲೆ ಎತ್ತಿದರೆ ಹೊಸ್ತಿಲಲ್ಲಿ ವೈಶಾಲಿ. ತಲೆಯಲ್ಲಿ ಅಲ್ಲಲ್ಲಿ ಬಿಳಿ ಕೂದಲು, ಭುಜಕ್ಕೆ ಚೀಲ. ಒಳಗೆ ಬರಲಿಲ್ಲ, ಚೌಕಟ್ಟಿಗೆ ಒರಗಿ ಕೈಕಟ್ಟಿ ನಿಂತಳು. ಕೊನೆಯ ಹಾಡು ಬಂತು, ಕತ್ತರಿಸಿದ ಜಾಗಕ್ಕೆ ಬಂದು ನಿಂತಿತು. ಹಾಡು ನಿಂತರೂ ತಟ್ಟೆ ನಿಲ್ಲಲಿಲ್ಲ. ಮುಳ್ಳು ಕೊನೆಯ ಗೆರೆಯಲ್ಲಿ ಸಿಕ್ಕಿಕೊಂಡು, ಟಕ್ ಟಕ್ ಎನ್ನುತ್ತ ಅಲ್ಲಲ್ಲೇ ಸುತ್ತುತ್ತಿತ್ತು. ಆ ಸೋಮವಾರ ನಾನು ಸುತ್ತಿದ ಹಾಗೆಯೇ.

"ಮುಗೀತೇನು ಮಾಮಾ?"

"ಇಲ್ಲ. ಒಂದು ಸಾಲು ಅದ."

"ಹೇಳಿ ಮುಗಸು. ಮುಗದ ಮ್ಯಾಲ ಒಳಗ ಕರೀಬೇಕು, ನಿಮ್ಮ ಮನೀ ಕಾಯದೆ."

ಬಾಯಿ ತೆರೆದೆ. ಸಾವಿರಾರು ಸಲ ಪದ ಮುಗಿಸಿದ ಬಾಯಿ. ನಿಮ್ಮವ್ವ, ಎಂದಷ್ಟೇ ಬಂತು.

"ಅಕೀಗಿ ಹೆಸರಿಲ್ಲೇನು?"

ಹೆಸರು ಬಾಯಿಂದ ಹೊರಡಲಿಲ್ಲ. ಈ ಸಲ ಬೇಕೆಂದು ತಡೆದದ್ದಲ್ಲ, ಆದರೆ ತಡೆಯುವ ಅಭ್ಯಾಸ ನನ್ನದೇ. ಪ್ರಣವ್ ಏನೂ ತಿಳಿಯದೆ ಮುಳ್ಳನ್ನು ಎತ್ತಿಬಿಟ್ಟ. ತಟ್ಟೆಯಲ್ಲಿ ನಾನೇ ಹೆಸರು ಹೇಳಿ ಸೇರಿಸಲೇ ಎಂದು ಕೊನೆಗೆ ಕೇಳಿದೆ. ಅವಳು ಚೀಲ ಸರಿಮಾಡಿಕೊಂಡಳು.

"ಬ್ಯಾಡ. ಅದು ನನ್ನ ಹಾಡು, ಅದರಾಗ ನಿನ್ನ ದನಿ ಬ್ಯಾಡ. ನಿನ್ನ ಕವರಿನ ಮಾತು ಇರಲಿ. ಹೆಸರು ನಿನ್ನ ಜಾಗದಾಗ ಹೇಳು."

ಮೆಟ್ಟಿಲಿಳಿದು ಹೋದಳು. ನೀರು ಸಹ ಕುಡಿಯಲಿಲ್ಲ.

ನನಗೆ ಉಳಿದ ಜಾಗ ಈ ಕಾಗದ. ಇಲ್ಲಿ ಬ್ಲೇಡೂ ನನ್ನದೇ, ಕೈಯೂ ನನ್ನದೇ. ಹಿರಿಯರು ಓದಲಿ, ಚಾಳಿನವರು ಓದಲಿ. ಪಲ್ಲವಿಗೆ ತಿರುಗಲು ಇಲ್ಲೂ ದಾರಿಯಿದೆ, ಇನ್ನೊಂದು ಪುಟ ಬರೆಯಬಹುದು. ಬರೆಯುವುದಿಲ್ಲ. ಅಂದು ಹೊಸ್ತಿಲಲ್ಲಿ ಸೆರಗು ಹೊದ್ದು ನಿಂತವಳು, ನನಗಿಂತ ಚೆನ್ನಾಗಿ ಹಾಡಿದವಳು, ನಾನು ಒಳಗೆ ಕರೆಯಬೇಕಾಗಿದ್ದವಳು, ನನ್ನ ತಂಗಿ ಜಗದೇವಿ.